ಕುಸುಬಿ ಎಣ್ಣೆ ಹಚ್ಚಿದ ಬ್ರೇಕು

ಬ್ರೇಕು ಕಿರುಚುವುದು ಎಣ್ಣೆ ಇಲ್ಲದ್ದಕ್ಕೆ ಎಂಬುದು ಅಪ್ಪನ ವಾದ. ಎಣ್ಣೆ ಹಚ್ಚಿದ್ದಕ್ಕೇ ಕಿರುಚುತ್ತದೆ ಎಂಬುದು ನನ್ನ ವಾದ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ, ಬಸವನ ಬಾಗೇವಾಡಿಯ ನಮ್ಮ ಮನೆಯಲ್ಲಿ ಇದು ಮಹಾನವಮಿಗೆ ಶುರುವಾಗಿ ದೀಪಾವಳಿ ದಾಟುವವರೆಗೂ ನಡೆಯುತ್ತಿತ್ತು.

ಖಂಡೆ ಪೂಜೆಯ ದಿನ ನಮ್ಮ ಕಡೆ ಕುಡಗೋಲು, ಕೊಡಲಿ, ಹೊಲಿಗೆ ಯಂತ್ರ ಎಲ್ಲಕ್ಕೂ ಪೂಜೆ. ಅಪ್ಪ ಸೈಕಲ್ ತೊಳೆದು, ಅಡುಗೆಯ ಕುಸುಬಿ ಎಣ್ಣೆಯಲ್ಲಿ ಅರಿವೆ ಅದ್ದಿ, ಹ್ಯಾಂಡಲಿನಿಂದ ಹಿಡಿದು ಗಾಲಿಯ ರಿಮ್ಮಿನವರೆಗೆ ಒರೆಸಿ ವಿಭೂತಿ ಹಚ್ಚುತ್ತಿದ್ದ. ಒಂದೆರಡು ದಿನ ಬ್ರೇಕು ಸಪ್ಪಳವನ್ನೂ ಮಾಡುತ್ತಿರಲಿಲ್ಲ, ಹಿಡಿಯುತ್ತಲೂ ಇರಲಿಲ್ಲ. ಆಮೇಲೆ ಎರೆಮಣ್ಣಿನ ಧೂಳು ಆ ಎಣ್ಣೆಗೆ ಮೆತ್ತಿಕೊಂಡು, ರಬ್ಬರಿನ ಮೇಲೆ ಗಟ್ಟಿಯಾಗಿ, ಹಿಡಿದಾಗಲೆಲ್ಲ ಓಣಿಯ ನಾಯಿಗಳು ಎದ್ದು ನಿಲ್ಲುವಂಥ ಕಿರುಚು.

"ರಿಮ್ಮಿಗೆ ಎಣ್ಣಿ ಹಚ್ಚಿದ್ರ ರಬ್ಬರ ಹ್ಯಾಂಗ ಹಿಡೀತೈತೆಪ್ಪಾ?"

"ಬಾಗಲಾ ಕಿರ್ರ್ ಅಂದ್ರ ಏನ ಹಾಕತೀವಿ?"

"ಬಾಗಲಾ ತಿರಗಬೇಕು, ಬ್ರೇಕ ನಿಲ್ಲಸಬೇಕು. ಎರಡೂ ಒಂದ ಏನು?"

"ಯವ್ವಾ, ನಿನಗ ಮಾತ ಕಲಿಸಿ ನಾನ ಕೆಟ್ಟೆ ನೋಡು."

ರೊಟ್ಟಿ ಬಡಿಯುತ್ತಿದ್ದ ಅವ್ವ ತೀರ್ಪು ಕೊಡುತ್ತಿದ್ದಳು: "ಮುಂದಿನ ಗಾಲಿ ಅಕಿಗೆ ಕೊಡ್ರಿ, ಹಿಂದಿಂದು ನೀವು ಇಟಗೊಳ್ರಿ. ನನಗ ಊಟ ಮುಗಸೂದೈತಿ."

ಅಪ್ಪ ಪಕ್ಕದ ಹಳ್ಳಿಯೊಂದರಲ್ಲಿ ಮಾಸ್ತರ. ನನಗೆ ಚರ್ಚೆ ಕಲಿಸಿದವನು ಅವನೇ. ಉಣ್ಣಲು ಕೂತಾಗ ಒಂದು ವಿಷಯ ಹಾಕುತ್ತಿದ್ದ. ನಾನು ಪರ ಎಂದರೆ ಅವನು ವಿರೋಧ, ನಾನು ವಿರೋಧ ಎಂದರೆ ಅವನು ಪರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲಿ ಸ್ಪರ್ಧೆ ಇದ್ದರೂ ಗೆದ್ದು ಬರುತ್ತಿದ್ದೆ. ಮನೆಯಲ್ಲಿ ಮಾತ್ರ ಗೆಲ್ಲಲು ಬಿಡುತ್ತಿರಲಿಲ್ಲ. ಆ ಸುಖ ಎಂಥದು ಎಂದು ಆಗ ಗೊತ್ತಿರಲಿಲ್ಲ.

ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ದೀಪಾವಳಿಗೆ ಮುಂಚೆ ಅಪ್ಪ ಒಳಗೆ ಬಂದವನೇ ಹೇಳಿದ: "ಮತ್ತೊಮ್ಮಿ ಎಣ್ಣಿ ಬಿಟ್ಟೆ. ಸಪ್ಪಳ ಹೋತು. ನೀ ಸೋತಿ."

ಅವನು ಬ್ರೇಕು ಹಿಡಿದು ಇಳಿದ ಆ ಕಿರುಚಿಗೆ ಪಕ್ಕದ ಮನೆಯ ಕೂಸು ಇನ್ನೂ ಅಳುತ್ತಿತ್ತು.

ಅಪ್ಪ ಮೊಂಡುವಾದ ಮಾಡುತ್ತಿದ್ದಾನೆ ಎಂದುಕೊಂಡೆ. ಮೊಂಡುವಾದಕ್ಕೆ ಮದ್ದು ಪುರಾವೆ. ಭಾನುವಾರ ಅವನನ್ನು ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂರಿಸಿದೆ. ಮಗ್ಗುಲಲ್ಲಿ ಅವ್ವ, ನನ್ನ ಕಡೆ ತಿರುಗಿ. ಸಪ್ಪಳ ಬಂದಾಗ ಕೈ ಎತ್ತಬೇಕು, ಅಷ್ಟೇ ನಿಯಮ. ಹಿಂದಿನಿಂದ ಸೈಕಲ್ ಹೊಡೆದುಕೊಂಡು ಬಂದು ಬ್ರೇಕು ಹಿಡಿದೆ. ಹಲ್ಲು ಜುಮ್ಮೆಂದವು. ಅಪ್ಪನ ಕೈ ತೊಡೆಯ ಮೇಲೇ ಇತ್ತು. ಮತ್ತೆ ಹಿಡಿದೆ. ಅವ್ವ ಕಿವಿ ಮುಚ್ಚಿಕೊಂಡಳು. ಅಪ್ಪ ಅವಳ ಕಡೆ ನೋಡಿ, ತಡವಾಗಿ ಕೈ ಎತ್ತಿದ. ಮೂರನೆಯ ಸಲ ನಾನು ಬ್ರೇಕು ಮುಟ್ಟಲಿಲ್ಲ. ಕಾಲು ಊರಿ ನಿಂತೆ. ಅವ್ವ ಮಾತ್ರ ಹೆದರಿ ಮೊದಲೇ ಕಿವಿ ಮುಚ್ಚಿದಳು. ಅಪ್ಪನ ಕೈ ಮೇಲೆದ್ದಿತು.

ಅಪ್ಪ ಕೈಯನ್ನು ಕೆಳಗಿಳಿಸುವುದನ್ನು ಮರೆತಿದ್ದ.

ವಿಜಾಪುರದ ಡಾಕ್ಟರು ಅವ್ವನಿಗೆ ಬಿಡಿಸಿ ಹೇಳಿದರು: "ತೆಳ್ಳನ ಚೂಪು ಸಪ್ಪಳ ಮೊದಲ ಹೋಗತಾವ್ರಿ, ಆಮ್ಯಾಲ ಮಾತು. ಕಿವಿ ನರದ ಜಡ್ಡು ಇದು. ಹೋದದ್ದು ತಿರುಗಿ ಬರೂದಿಲ್ಲ."

ಬ್ರೇಕನ್ನು ನಾನೇ ಸರಿ ಮಾಡಿದೆ. ರಿಮ್ಮನ್ನು ಚಿಮಣಿ ದೀಪದ ಸೀಮೆಎಣ್ಣೆಯಲ್ಲಿ ಒರೆಸಿ, ಅದರ ಜಿಡ್ಡೂ ಉಳಿಯದಂತೆ ಸಾಬೂನಿನಲ್ಲಿ ತೊಳೆದೆ. ರಬ್ಬರಿನ ಹೊಳಪು ಹೋಗುವ ತನಕ ಪಾಲಿಶ್ ಪೇಪರಿನಲ್ಲಿ ತಿಕ್ಕಿದೆ. ಸಡಿಲಾಗಿದ್ದ ನಟ್ಟು ಬಿಗಿದೆ. ಒಂದಿಷ್ಟೂ ಸಪ್ಪಳವಿಲ್ಲದೆ ಗಾಲಿ ನಿಂತಿತು. ನನ್ನ ವಾದ ಸಂಪೂರ್ಣ ಸರಿಯಿತ್ತು. ಅಪ್ಪ ಒಂದು ಸುತ್ತು ಹೊಡೆದು ಬಂದು, "ಏನ್ ಮಾಡಿದಿ? ಮೊದಲಿನಂಗ ಐತಲ್ಲ" ಅಂದ.

ವರ್ಷದೊಳಗೆ ಮಾತು ಕೇಳುವುದೂ ಹೋಗತೊಡಗಿತು. ಕಿವಿಯ ಯಂತ್ರ ತಂದೆವು. ಅದರಲ್ಲಿ ಬರೀ ಗಾಳಿ ಬೀಸುತ್ತದೆ ಎಂದು ತೆಗೆದಿಟ್ಟ. ಅಪ್ಪ ಒಂದು ಉಪಾಯ ಕಂಡುಕೊಂಡ: ಯಾರು ಏನು ಹೇಳಿದರೂ ನಗುವುದು, ತಲೆ ಆಡಿಸುವುದು. ಊಟದ ಹೊತ್ತಿಗೆ ವಿಷಯ ಹಾಕುವುದು ನಿಂತುಹೋಯಿತು. ನಾನೇ ಹಾಕಿದರೆ "ಖರೆ, ಖರೆ" ಅನ್ನುತ್ತಿದ್ದ. ದೊಡ್ಡ ದನಿಯಲ್ಲಿ ಹೇಳಿದರೆ ಅವಮಾನವಾದವನಂತೆ ಗಂಗಾಳ ನೋಡುತ್ತಿದ್ದ.

ಒಂದು ದಿನ ತಡೆಯಲಾಗಲಿಲ್ಲ. ನನ್ನನ್ನು ಕಾಲೇಜಿಗೆ ಕಳಿಸಲು ಸೋದರಮಾವಂದಿರ ಜೊತೆ, ಸ್ವಂತ ಅಣ್ಣನ ಜೊತೆ ಜಗಳಾಡಿದ್ದ ಮನುಷ್ಯ ಅವನು. ಎದುರಿಗೆ ಕೂತು, ಎಂದಿನ ದನಿಯಲ್ಲೇ ಹೇಳಿದೆ: "ಅಪ್ಪಾ, ಹೆಣ್ಣಮಕ್ಕಳಿಗೆ ಯಾಕ ಬೇಕು ಓದು? ನನ್ನ ಕಾಲೇಜ ಬಿಡಿಸಿಬಿಡು."

ಅಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. ಮುಗಿಯಿತೆಂದು ಖಾತ್ರಿಯಾದ ಮೇಲೆ ನಕ್ಕ.

"ಖರೆ ಐತವ್ವಾ. ನೀ ಹೇಳೂದ ಬರೋಬ್ಬರಿ ಐತಿ."

ಅವ್ವ ನನ್ನ ಕಡೆ ನೋಡಲಿಲ್ಲ. ಅವನ ಗಂಗಾಳಕ್ಕೆ ಇನ್ನೊಂದು ರೊಟ್ಟಿ ಹಾಕಿದಳು.