ಕಂಪ್ಯೂಟರಿನ ಹಣೆಗೆ ವಿಭೂತಿ

ವಿಡಿಯೋ ಕಾಲ್ ಬಂದರೆ ಟುಂಯ್, ಟುಂಯ್ ಎಂದು ಆ ಕಂಪ್ಯೂಟರ್ ಬಡಿದುಕೊಳ್ಳುವ ಸದ್ದು ಇಂಡಿ ಊರಿನ ನಮ್ಮ ಓಣಿಗೆಲ್ಲ ಕೇಳುತ್ತಿತ್ತು, ಅದರ ಮುಂದೆಯೇ ಕೂತಿರುತ್ತಿದ್ದ ನಮ್ಮ ಯಜಮಾನರೊಬ್ಬರನ್ನು ಬಿಟ್ಟು. ಅವರ ಕಿವಿ ಪೂರ್ತಿ ಹೋಗಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದರು. ಫೋನಿನ ಅಂಗೈಯಗಲದ ಸ್ಕ್ರೀನಿನಲ್ಲಿ ಅದು ಆಗುವ ಮಾತಲ್ಲ. ಮಗಳ ಎರಡನೇ ಬಾಣಂತನಕ್ಕೆ ನಾನು ಬಸವನ ಬಾಗೇವಾಡಿಗೆ ಹೊರಟಿದ್ದೆ. ಮೊಣಕಾಲಿನ ಆಪರೇಷನ್ ಆದ ಅವರು ಬರುವಂತಿರಲಿಲ್ಲ. ಮೂರು ತಿಂಗಳು ಮುಖ ನೋಡಿ ಮಾತಾಡಲು ಹಾಲ್‌ನಲ್ಲಿ ಒಂದು ದೊಡ್ಡ ಸ್ಕ್ರೀನ್ ಬೇಕಿತ್ತು.

ಅಂಗಡಿಯ ಜಂಟಲ್‌ಮನ್ ನಮ್ಮ ನರೆಗೂದಲು ನೋಡಿಯೂ ಬಣ್ಣದ ದೀಪ ಮಿನುಗುವ ಕೀಬೋರ್ಡ್ ಮುಂದಿಟ್ಟ.

"ಗೇಮ್ ಆಡಾಕ ಒಂದ್ ನಂಬರ್ ಐತ್ರೀ ಅಮ್ಮಾರ."

"ಹೌದಪ್ಪಾ, ಇವ್ರು ಹಗಲೆಲ್ಲಾ ಬಂದೂಕು ಹಾರಸ್ತಾರ."

ಪಾಪ, ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳಿಗೆ ತಟ್ಟದ ನನ್ನ ಸಾರ್ಕಾಸಮ್ ಅವನಿಗೆಲ್ಲಿ ತಟ್ಟೀತು! ಕೊನೆಗೆ ಟಿವಿಯಂತಿದ್ದ, ಎಲ್ಲವೂ ಒಳಗೇ ಅಡಗಿದ್ದ ಒಂದನ್ನು ನಾನೇ ಆರಿಸಿದೆ. ಅಂಗಡಿಯ ಹೊರಗೆ ನಿಂತು ನನ್ನ ಫೋನಿನಿಂದ ವಿಡಿಯೋ ಕಾಲ್ ಹಚ್ಚಿ, ಸದ್ದಿಲ್ಲದೆ ಬರೀ ತುಟಿ ಆಡಿಸಿದೆ: "ನಿಮಗ ಬುದ್ಧಿ ಇಲ್ಲ."

"ನಿನಗ ಐತೇನು?" ಎಂದು ಒಳಗಿನಿಂದ ಅವರು ಗುಡುಗಿದರು. ಅದನ್ನೇ ಕಟ್ಟಿಸಿಕೊಂಡು ಬಂದೆವು.

ಅವರನ್ನು ನೋಡಿಕೊಳ್ಳಲು ಮುದ್ದೇಬಿಹಾಳದಿಂದ ನಾದಿನಿ ಬಂದಳು. ಮೊದಲ ದಿನ ಎಲ್ಲ ಫಸ್ಟ್ ಕ್ಲಾಸ್. ಮರುದಿನದಿಂದ ನನ್ನ ಕಡೆ ಬರೀ ಬಿಳಿ ಮಂಜು, ಅದರೊಳಗಿಂದ ಅವರ ಧ್ವನಿ ಮಾತ್ರ.

"ಕೂಸು ಛಂದ ಕಾಣಾಕತ್ತೈತಿ! ಮೂಗು ನಂದ!"

"ನೀವು ಕಾಣಾಕತ್ತಿಲ್ರೀ."

"ನನ್ನೇನ್ ನೋಡ್ತಿ? ಐವತ್ತು ವರ್ಷ ನೋಡಿ ಸಾಕಾಗಿಲ್ಲೇನು?"

ಸಾಕಾಗಿರಲಿಲ್ಲ. ಆದರೆ ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವುದು ಗುಡ್ ಮ್ಯಾನರ್ಸ್ ಅಲ್ಲವೆಂದು ಕಲಿತವಳು ನಾನು.

ಸಿಂದಗಿಯಲ್ಲಿದ್ದ ಅಳಿಯನ ಗೆಳೆಯ, ದೊಡ್ಡ ಎಕ್ಸ್‌ಪರ್ಟ್, ಫೋನಿನಲ್ಲೇ ಸಾಫ್ಟ್‌ವೇರ್ ಕೆಟ್ಟಿದೆ ಎಂದು ತೀರ್ಪು ಕೊಟ್ಟ. ಎರಡು ವಾರ ಆ ತೀರ್ಪನ್ನು ನಂಬಿ ಕೂತೆವು. ಆಮೇಲೆ ಒಂದು ಸೋಮವಾರ ನಾದಿನಿಯ ಬಾಯಿಂದ ಮಾತು ಬಿತ್ತು.

"ವೈನಿ, ನಾ ಏನೂ ಕಡಿಮಿ ಮಾಡಿಲ್ರೀ. ದಿನಾ ಜಳಕ ಆದಕೂಡ್ಲೆ ಮಿಷಿನ್ನಿಗೂ ಮೂರು ಬೆರಳ ವಿಭೂತಿ ಹಚ್ಚೇನ್ರಿ."

"ಎಲ್ಲಿ ಹಚ್ಚೀದಿ?"

"ಹಣಿಗಿರೀ. ಮ್ಯಾಲ ನಟ್ಟನಡುವ ಕಣ್ಣಿನಂಗ ಐತೆಲ್ರಿ, ಅಲ್ಲೇ."

ಟ್ರ್ಯಾಕ್ಟರಿಗೆ, ಹಿಟ್ಟಿನ ಗಿರಣಿಗೆ ಹಚ್ಚುವವಳು ಇದಕ್ಕೇಕೆ ಬಿಟ್ಟಾಳು? ಅದು ಕ್ಯಾಮೆರಾ, ಇನ್ನು ಮೇಲೆ ಬೆನ್ನಿಗೆ ಹಚ್ಚು ಎಂದೆ. ಗೊಣಗುತ್ತ ಸೆರಗಿನಿಂದ ಒರೆಸಿದಳು.

ಅವರು ಕಂಡರು. ಇಸ್ತ್ರಿ ಮಾಡಿದ ಅಂಗಿ, ಎರಡು ವಾರದ ಗಡ್ಡ. ತುಂಬಾ ಸೊರಗಿದ್ದರು. "ಊಟ ಮಾಡಾಕತ್ತೀರಿಲ್ಲೋ?" ಎಂದರೆ, ತುಟಿ ತಿಳಿದೂ ತಿಳಿಯದವರಂತೆ ಕೂಸಿನ ಮೂಗಿನ ವಿಷಯ ತೆಗೆದರು. ಕಾಲ್ ಕಟ್ ಮಾಡುವುದನ್ನು ಅವರು ಕಲಿಯಲೇ ಇಲ್ಲ. ಮಾತು ಮುಗಿದರೆ ಎದ್ದು ನಡೆಯುವುದೇ ಅವರ ಗುಡ್‌ಬೈ. ಅಂದೂ ಕೋಲೂರಿ ಎದ್ದರು, ತಿರುಗಿದರು.

"ಒಂದೀಟು ನಿಲ್ರೀ" ಎಂದು ಕೂಗಿದೆ. ಬೆನ್ನು ತಿರುಗಿಸಿದವರಿಗೆ ಅದು ತಿಳಿಯುವಂತಿರಲಿಲ್ಲ. ಒಂದೊಂದೇ ಹೆಜ್ಜೆ ಇಡುತ್ತ ಹಿತ್ತಲ ಬಾಗಿಲು ದಾಟಿದರು. ಅವರನ್ನು ನಾನು ಜೀವಂತವಾಗಿ ನೋಡಿದ್ದು ಅದೇ ಕೊನೆ.