ದೂರಿನ ನಂಬರು ಬರೆದುಕೊಡುತ್ತಿದ್ದ ಅಕ್ಕ

ಆಕೆಯ ಬಲಗೈ ಹೆಬ್ಬೆರಳಲ್ಲಿ ಗೆರೆಗಳೇ ಇರಲಿಲ್ಲ. ಹೊಳೆದಂಡೆಯ ಕಲ್ಲಿನ ಹಾಗೆ ನುಣ್ಣಗೆ ಸವೆದಿತ್ತು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದವಳು. ಬುದ್ಧಿ ತಿಳಿದಾಗಿನಿಂದ, ಮದುವೆಯಾಗಿ ಎಷ್ಟೋ ವರ್ಷಗಳವರೆಗೂ, ಸೀರೆಯ ಒಡಲಿನ ನೂಲಿಗೆ ಸೆರಗಿನ ನೂಲನ್ನು ಎಳೆ ಎಳೆಯಾಗಿ ಹೊಸೆದು ಕೂಡಿಸುವ ಕೆಲಸ ಮಾಡಿದವಳು. ನಮ್ಮ ಆಫೀಸಿನಲ್ಲಿ ಹಾಜರಿಗೆ ಬೆರಳು ಒತ್ತುವ ಯಂತ್ರವಿತ್ತು. ನಾವೆಲ್ಲ ಒಂದೇ ಸಲ ಒತ್ತಿ ಒಳಗೆ ಹೋಗುತ್ತಿದ್ದೆವು. ಆಕೆ ಅದರ ಮುಂದೆ ನಿಂತು ಬೆರಳು ಬದಲಿಸಿ, ಸೆರಗಿಗೆ ಒರೆಸಿಕೊಂಡು, ಮತ್ತೆ ಒತ್ತುತ್ತಿದ್ದಳು. ಯಂತ್ರ ಆಕೆಯನ್ನು ಒಲ್ಲೆ ಅನ್ನುವುದನ್ನು ನೋಡಿ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಬಾಗಲಕೋಟೆಯ ನವನಗರದಲ್ಲಿ ಒಂದು ಮೊಬೈಲ್ ಕಂಪನಿಯ ಗ್ರಾಹಕ ಸೇವಾ ಕೇಂದ್ರ ನಮ್ಮದು. ಎರಡೇ ಕೌಂಟರು. ಆಕೆ ಬರುವ ಮೊದಲು ಮೂರು ವರ್ಷ ಒಂದನೇ ಕೌಂಟರಿನಲ್ಲಿ ನಾನೇ ರಾಣಿ. ಹುನಗುಂದದಿಂದ ಬಂದು, ಡಿಗ್ರಿ ಮುಗಿಸಿ, ಕನ್ನಡ, ಹಿಂದಿ, ಇಂಗ್ಲಿಷ್ ಮೂರನ್ನೂ ಪಟಪಟ ಮಾತಾಡುತ್ತಿದ್ದೆ. ಸಿಟ್ಟಿನಿಂದ ಬಂದ ಗಿರಾಕಿಯನ್ನು ಐದು ನಿಮಿಷದಲ್ಲಿ ನಗಿಸಿ ಕಳಿಸುತ್ತಿದ್ದೆ. ಜಿಲ್ಲೆಯಲ್ಲೇ ಅತಿ ಕಡಿಮೆ ದೂರು ಬರುವ ಕೇಂದ್ರ ನಮ್ಮದೆಂದು ಕಂಪನಿಯವರು ಪ್ರಶಸ್ತಿ ಪತ್ರ ಕೊಟ್ಟಿದ್ದರು. ಅದರಲ್ಲಿ ನನ್ನ ಹೆಸರಿತ್ತು. ಮ್ಯಾನೇಜರ್ ಸಾಹೇಬರು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ದೂರು ಕಡಿಮೆ ಇದ್ದದ್ದು ಹೇಗೆ ಅಂದರೆ, ನಾನು ಬರೆದುಕೊಳ್ಳುತ್ತಿರಲಿಲ್ಲ. "ಆಗ್ತೈತಿ, ಹೋಗ್ರಿ, ನಾ ನೋಡ್ತೇನಿ" ಅಂದು ಕಳಿಸಿದರೆ ಅದು ಕಂಪ್ಯೂಟರಿಗೆ ಏರುವುದಿಲ್ಲ. ಏರದ ದೂರು ಕಂಪನಿಯ ಲೆಕ್ಕದಲ್ಲಿ ದೂರೇ ಅಲ್ಲ. ನಿಯಮ ಬೇರೆಯೇ ಇತ್ತು. ಗ್ರಾಹಕ ಹೇಳಿದ ಪ್ರತಿಯೊಂದು ದೂರಿಗೂ ಒಂದು ನಂಬರು ಕೊಡಬೇಕು, ಗಡುವಿನೊಳಗೆ ಉತ್ತರ ಕೊಡಬೇಕು, ಉತ್ತರ ಒಪ್ಪಿಗೆಯಾಗದಿದ್ದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಲು ದಾರಿ ತೋರಿಸಬೇಕು. ಆ ನಂಬರು ಇದ್ದರೆ ಗ್ರಾಹಕರ ಆಯೋಗಕ್ಕೆ ಹೋದಾಗಲೂ ಕೈಯಲ್ಲೊಂದು ಆಧಾರ ಇರುತ್ತದೆ. ಇದನ್ನೆಲ್ಲ ತರಬೇತಿಯಲ್ಲಿ ನಾನೂ ಓದಿದ್ದೆ. ಪರೀಕ್ಷೆಯಲ್ಲಿ ಮೊದಲನೆಯವಳಾಗಿ ಪಾಸೂ ಆಗಿದ್ದೆ.

ಅಕ್ಕ ಬಂದು ಎರಡನೇ ಕೌಂಟರಿನಲ್ಲಿ ಕೂತಳು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಇಳಕಲ್ಲಿನಲ್ಲಿ ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುತ್ತ, ಸಂಜೆ ಓದಿ, ಪರೀಕ್ಷೆ ಕಟ್ಟಿ ಪಾಸಾದವಳು. ಗಂಡ ಊರಲ್ಲಿ ಮಗ್ಗ ನಡೆಸುತ್ತಿದ್ದ. ಈಕೆ ನವನಗರದಲ್ಲಿ ಒಂದು ಖೋಲಿ ಹಿಡಿದು, ಶನಿವಾರ ಸಂಜೆ ಇಳಕಲ್ ಬಸ್ಸು ಹತ್ತುತ್ತಿದ್ದಳು. ಎರಡೇ ಬೆರಳಲ್ಲಿ ಟೈಪು ಮಾಡುತ್ತಿದ್ದಳು. ಹಿಂದಿ ಬಾರದು. ಈಕೆ ಒಂದು ತಿಂಗಳೂ ಬಾಳಲಾರಳು ಅಂದುಕೊಂಡೆ.

ಆಕೆ ಬಂದವರನ್ನು ಕೂಡ್ರಿಸಿ ಪೂರ್ತಿ ಕೇಳುತ್ತಿದ್ದಳು. ಬೇಡದ ಹಾಡು ಫೋನಿಗೆ ಬಂದು ಕೂತಿದೆ ಅಂದರೂ ಬರೆದುಕೊಂಡಳು, ಊರ ಗುಡ್ಡದ ಆಚೆ ಸಿಗ್ನಲ್ ಸಿಗುವುದಿಲ್ಲ ಅಂದರೂ ಬರೆದುಕೊಂಡಳು. ಮೆಸೇಜು ಹೇಗೂ ಬರುತ್ತದೆ, ಆದರೂ ಒಂದು ಚೀಟಿಯ ಮೇಲೆ ದೂರಿನ ನಂಬರನ್ನು ಗುಂಡಗೆ, ಅಚ್ಚ ಕನ್ನಡದ ಅಂಕಿಗಳಲ್ಲಿ ಬರೆದು, ಕೆಳಗೆ ಉತ್ತರ ಬರಬೇಕಾದ ದಿನ ಹಾಕಿ ಕೈಗೆ ಕೊಡುತ್ತಿದ್ದಳು. "ಇದನ್ನ ಕಳೀಬ್ಯಾಡ್ರಿ. ನಾ ಮರತ್ರೂ ಇದು ಮರೆಯಾಂಗಿಲ್ಲ" ಅನ್ನುತ್ತಿದ್ದಳು. ಕುರಿ ಕಾಯುವ ಒಬ್ಬ ಮುದುಕ ಆ ಚೀಟಿಯನ್ನು ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡದ್ದನ್ನು ನೋಡಿದ್ದೇನೆ.

ಮೂರು ನಾಲ್ಕು ತಿಂಗಳಲ್ಲಿ ಜನ ಬಾಗಿಲಲ್ಲೇ ನಿಂತು "ಅಕ್ಕಾರ ಬಂದಾರೇನ್ರಿ?" ಅಂತ ಕೇಳತೊಡಗಿದರು. ನನ್ನ ಕೌಂಟರು ಖಾಲಿ ಇದ್ದರೂ ಆಕೆಯ ಸಾಲಿನಲ್ಲಿ ನಿಲ್ಲುತ್ತಿದ್ದರು. "ಇಲ್ಲಿ ಬರ್ರಿ" ಅಂದರೆ "ಇರಲಿ ಬಿಡ್ರಿ ಮೇಡಮ್ಮಾರ, ನಮಗೇನ ಗಡಿಬಿಡಿ ಇಲ್ಲ" ಅನ್ನುವರು. ನಾನು ಮೇಡಂ, ಆಕೆ ಅಕ್ಕ. ಕಲಾದಗಿಯ ರೈತನೊಬ್ಬ ಚೀಲದ ತುಂಬ ದಾಳಿಂಬೆ ತಂದು ಆಕೆಯ ಮುಂದೆ ಇಟ್ಟ. ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದು ಆಕೆ ಒಲ್ಲೆ ಅಂದಳು. ಅವನು ಕೇಳಲಿಲ್ಲ. ಕೊನೆಗೆ ಅಲ್ಲಿದ್ದ ಗಿರಾಕಿಗಳಿಗೆಲ್ಲ ಹಂಚಿಸಿ, ನನ್ನ ಮೇಜಿನ ಮೇಲೂ ಒಂದು ಇಡಿಸಿದಳು. ಅದನ್ನು ನಾನು ತಿನ್ನಲಿಲ್ಲ. ಒಣಗಿ ಕಪ್ಪಾಗುವವರೆಗೆ ಹಾಗೇ ಬಿಟ್ಟು ಕಸದ ಬುಟ್ಟಿಗೆ ಹಾಕಿದೆ.

ಇಷ್ಟನ್ನು ತಡೆದುಕೊಳ್ಳಬಹುದಿತ್ತು. ಆದರೆ ಒಂದು ದಿನ ನನ್ನ ಅಪ್ಪನೇ ಬಂದ. ಆತನ ನಂಬರು ಕೇಳದೇ ಬೇರೆ ಕಂಪನಿಗೆ ಹೋಗಿಬಿಟ್ಟಿತ್ತು. ಯಾರೋ ಫೋನಿನಲ್ಲಿ ಆಸೆ ಹಚ್ಚಿ ಕೋಡ್ ಹೇಳಿಸಿಕೊಂಡಿದ್ದರು. ಮನೆಯಲ್ಲಿ ನಾನು ಎರಡು ಸಲ "ನಾ ಮಾಡಿಸ್ತೇನಿ" ಅಂದಿದ್ದೆ. ನಾನು ಊಟ ಮುಗಿಸಿ ಹೊರಗೆ ಬಂದಾಗ ಅಪ್ಪ ಆಕೆಯ ಎದುರಿಗೆ ಕೂತು, ಆಕೆ ಬರೆಯುವುದನ್ನು ನೋಡುತ್ತಿದ್ದ. ಸಂಜೆ ನಾನು ಜಗಳ ತೆಗೆದೆ.

"ಮಗಳು ಅಲ್ಲೇ ಕುಂತೇನಿ, ನೀ ಮಂದಿ ಕಡೆ ಹೋದಿ."

ಅಪ್ಪ ಸಮಾಧಾನದಿಂದ ಹೇಳಿದ: "ಸಿಟ್ಟಾಗಬ್ಯಾಡವಾ. ನಾ ಹೇಳೂದು ಮುಗಿಯೂಕಿಂತ ಮೊದಲ ನಿನ್ನ ಉತ್ತರ ತಯಾರಿರ್ತೈತಿ. ಆಕಿ ನಾ ಹೇಳೂ ತನಕ ಕುಂತಿದ್ಳು."

ಆ ಮಾತು ನನ್ನೊಳಗೆ ಮುಳ್ಳಾಗಿ ಕೂತಿತು. ಆಮೇಲೆ ಆಕೆಯ ಎಲ್ಲವೂ ನನಗೆ ಚುಚ್ಚತೊಡಗಿತು. ಆಕೆಯ ಗುಂಡನೆಯ ಅಕ್ಷರ, ಡಬ್ಬಿಯ ಕಟಕ ರೊಟ್ಟಿ, ಮೇಲೆ ಉದುರಿಸಿದ ಶೇಂಗಾ ಹಿಂಡಿ, ಅದನ್ನು ನನ್ನ ಕಡೆ ಸರಿಸಿ "ತಗೋ ತಂಗಿ" ಅನ್ನುವ ದನಿ. ನಾನು ಡಯಟ್ ಅಂತ ಸುಳ್ಳು ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಐಹೊಳೆಯಿಂದ ಒಬ್ಬ ಕೂಲಿ ಹೆಣ್ಣುಮಗಳು ಬಂದಳು. ಅಕ್ಕನ ಕೌಂಟರಿನಲ್ಲಿ ಸಾಲು ಇದ್ದುದರಿಂದ ನನ್ನ ಮುಂದೆ ನಿಂತು ಒಂದು ಕಾಗದ ಚಾಚಿದಳು. ದೂರದ ಇನ್ನೊಂದು ರಾಜ್ಯದ ಪೊಲೀಸ್ ಠಾಣೆಯ ನೋಟಿಸು. ಆಕೆಯ ಹೆಸರಿನ ಸಿಮ್ಮಿನಿಂದ ಯಾರಿಗೋ ಮೋಸವಾಗಿದೆ, ಬಂದು ಹೇಳಿಕೆ ಕೊಡಬೇಕು ಎಂದಿತ್ತು. "ನನ್ನ ಹಂತ್ಯಾಕ ಇದೊಂದ ಫೋನ್ ಐತ್ರಿ" ಅಂದು ಗುಂಡಿ ಸವೆದ ಫೋನು ತೋರಿಸಿದಳು.

"ಇದು ಪೊಲೀಸರ ವಿಷಯ. ನಮ್ಮ ಕಡೆ ಏನಿಲ್ಲ" ಅಂದೆ.

ಆಕೆ ಕಾಗದ ಮಡಚುವಷ್ಟರಲ್ಲಿ ಅಕ್ಕ ಆ ಕಡೆಯಿಂದ ಕರೆದಳು. "ಯವ್ವಾ, ಇಲ್ಲಿ ಬಾ. ಕುಂದ್ರು." ತನ್ನ ಸಾಲಿನವರಿಗೆ, ತುಸು ಹೊತ್ತು ಹೊರಗೆ ಕೂತಿರ್ರಿ ಎಂದು ಕೇಳಿಕೊಂಡಳು. ಆಧಾರ್ ಕಾರ್ಡು ನೋಡಿ, ಆ ಹೆಸರಿನಲ್ಲಿ ಎಷ್ಟು ನಂಬರು ಇವೆ ಎಂದು ತೆಗೆದಳು. ನಾಲ್ಕು ಇದ್ದವು. ಒಂದು ಆಕೆಯದು. ಉಳಿದ ಮೂರೂ ಆಕೆ ಸಿಮ್ ತೆಗೆದುಕೊಂಡ ದಿನವೇ, ಅದೇ ತಾಸಿನಲ್ಲಿ, ಬಾದಾಮಿ ಕಡೆಯ ಒಂದು ಅಂಗಡಿಯಿಂದ ಚಾಲೂ ಆಗಿದ್ದವು.

"ಸಿಮ್ ತಗೊಳ್ಳುವಾಗ ಎಷ್ಟು ಸಲ ಬಟ್ಟು ಒತ್ತಿದಿ?"

"ಯಂತ್ರ ಹಿಡಿಯವಲ್ದು ಅಂತ ನಾಕೈದ ಸಲ ಒತ್ತಿಸ್ಕೊಂಡ್ರಿ. ನಮ್ಮ ಬಟ್ಟು ಸವದಾವಲ್ರಿ, ಕಲ್ಲು ಮಣ್ಣು ಹೊತ್ತು."

ಅಕ್ಕ ತನ್ನ ಹೆಬ್ಬೆರಳನ್ನು ಆಕೆಗೆ ತೋರಿಸಿದಳು. "ನಂದೂ ಹಿಂಗ ಐತಿ. ಹಿಡಿಯವಲ್ದು ಅಂದ್ರ ನಾವು ನಂಬತೇವಿ. ಅದು ಅವರಿಗೆ ಗೊತ್ತೈತಿ, ಒಂದೊಂದು ಸಲ ಒತ್ತಿಸಿ ಒಂದೊಂದು ಸಿಮ್ ತಗದಾರ." ಆಮೇಲೆ ಆ ಅಂಗಡಿಯ ಹೆಸರು ಹೇಳಿ, "ಇಲ್ಲೇ ಹೌದಲ್ಲ?" ಎಂದು ಕೇಳಿದಳು. ದೂರು ಬರೆದಳು, ಮೂರೂ ನಂಬರು ನಿಲ್ಲಿಸಲು ಹಾಕಿದಳು, ಚೀಟಿ ಕೊಟ್ಟಳು.

ಆ ಅಂಗಡಿಯ ಹೆಸರು ನನಗೆ ಗೊತ್ತಿತ್ತು. ಕೆಲವು ತಿಂಗಳ ಹಿಂದೆ ತನ್ನ ಹೆಸರಿನಲ್ಲಿ ಬೇರೆ ಸಿಮ್ ಚಾಲೂ ಮಾಡಿದ್ದಾರೆಂದು ಅದೇ ಅಂಗಡಿಯ ಮೇಲೆ ಬಾದಾಮಿಯ ಒಬ್ಬಾಕೆ ದೂರು ತಂದಿದ್ದಳು. "ಬರಿಯೂದು ಬ್ಯಾಡ್ರಿ, ನಾ ಅವರಿಗೆ ಹೇಳ್ತೇನಿ" ಅಂದು ಸಾಗಹಾಕಿದ್ದೆ. ಹೇಳಿಯೂ ಇರಲಿಲ್ಲ. ಅವತ್ತೇ ಬರೆದುಕೊಂಡಿದ್ದರೆ ಆ ಅಂಗಡಿ ಆಗಲೇ ಮುಚ್ಚುತ್ತಿತ್ತೇನೋ. ಹಾಗಂತ ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾದೀತು. ಆಗ ಅನ್ನಿಸಿದ್ದು ಇಷ್ಟೇ: ಇದರಲ್ಲೂ ಆಕೆಯೇ ಒಳ್ಳೆಯವಳಾದಳು.

ಮರುದಿನ ಕಂಪನಿಯ ತನಿಖಾ ವಿಭಾಗಕ್ಕೆ ಇಂಗ್ಲಿಷಿನಲ್ಲಿ ಹೆಸರಿಲ್ಲದ ಪತ್ರ ಕಳಿಸಿದೆ. ಎರಡನೇ ಕೌಂಟರಿನ ಉದ್ಯೋಗಿ ಗ್ರಾಹಕರ ಗುಟ್ಟಿನ ವಿವರಗಳನ್ನು ಹೊರಗಿನವರಿಗೆ ಕೊಡುತ್ತಾಳೆ, ತನಿಖೆಗೆ ಮೊದಲೇ ಅಂಗಡಿಯ ಹೆಸರು ಹೇಳಿ ಕಂಪನಿಯ ಮರ್ಯಾದೆ ಕಳೆಯುತ್ತಾಳೆ ಎಂದು ಬರೆದೆ. ನಿಯಮದ ಕಲಮುಗಳನ್ನೂ ಹಾಕಿದೆ. ಪರೀಕ್ಷೆಯಲ್ಲಿ ಮೊದಲನೆಯವಳಲ್ಲವೇ ನಾನು.

ವಾರದೊಳಗೆ ಅಕ್ಕನನ್ನು ಕೌಂಟರಿನಿಂದ ಎಬ್ಬಿಸಿ ಹಿಂದಿನ ಖೋಲಿಯಲ್ಲಿ ಹಳೇ ಅರ್ಜಿಗಳನ್ನು ಜೋಡಿಸಲು ಕೂಡ್ರಿಸಿದರು. ಈಗ ಎಲ್ಲ ಸಾಲೂ ನನ್ನದೇ. ಆದರೆ ಬಂದವರು ಮೊದಲು ಆ ಖಾಲಿ ಕುರ್ಚಿ ನೋಡುತ್ತಿದ್ದರು. "ಅಕ್ಕಾರಿಗೆ ಆರಾಮಿಲ್ಲೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲದಾಗಲೂ ಆಕೆಯೇ ಗೆಲ್ಲುತ್ತಿದ್ದಳು.

ಹುಬ್ಬಳ್ಳಿಯಿಂದ ತನಿಖಾಧಿಕಾರಿ ಬಂದರು. ಮೊದಲ ದಿನ ಅಕ್ಕನ ವಿಚಾರಣೆ ನಡೆಯುವಾಗ ಕಡತ ಕೊಡಲು ನಾನೂ ಒಳಗಿದ್ದೆ. ಅಕ್ಕ ಮೊದಲು ಕೇಳಿದ್ದು, "ಈ ದೂರಿಗೆ ನಂಬರ್ ಕೊಟ್ಟೀರೇನ್ರಿ ಸಾಹೇಬ್ರ?" ಅಧಿಕಾರಿಗೆ ನಗು ಬಂತು. ಕೊಟ್ಟಿದ್ದೇವೆ ಅಂದರು. "ಹಂಗಾರ ಚಲೋ ಆತು" ಅಂದಳು.

"ಯಾರು ಬರೆದಿರಬಹುದು, ನಿಮಗೆ ಸಂಶಯ ಇದೆಯೇ?" ಎಂದು ಅವರು ಕೇಳಿದರು.

"ಯಾರು ಬರದಾರ ಅನ್ನೂದು ಬ್ಯಾಡ್ರಿ. ಬರದದ್ದು ಖರೇನೋ ಸುಳ್ಳೋ ನೋಡ್ರಿ. ಆಕಿ ಹೆಸರಿನ ನಂಬರನ್ನ ಆಕಿಗೇ ಹೇಳೇನಿ, ಅದು ಆಕಿ ಹಕ್ಕು. ಅಂಗಡಿ ಹೆಸರು ಹೇಳಿದ್ದು ಖರೆ. ಹೇಳಬಾರದಿತ್ತು."

ಅವತ್ತು ಊಟದ ಹೊತ್ತಿಗೆ ಆಕೆ ನನ್ನ ಎದುರು ಬಂದು ಕೂತಳು. ಡಬ್ಬಿ ಬಿಚ್ಚಲಿಲ್ಲ. "ತಂಗಿ, ಹಿಂದ ಬಾದಾಮಿಯಿಂದ ಒಬ್ಬಾಕಿ ಬಂದಿದ್ಳು. ನೀ ಬರ್ಕೊಳ್ಳಲಿಲ್ಲ. ಆಕಿ ಹೋಗುವಾಗ ನನ್ನ ಮುಂದ ಅತ್ತು ಹೋದ್ಳು. ನಿನ್ನ ಕೆಲಸದಾಗ ಕೈ ಹಾಕೂದು ಬ್ಯಾಡ ಅಂತ ನಾನೂ ಸುಮ್ಮನಾದೆ, ಅದು ನಂದೂ ತಪ್ಪು. ಆ ಅಂಗಡಿ ಮ್ಯಾಲ ಮೊದಲು ದೂರು ಇತ್ತೇನು ಅಂತ ನಾಳೆ ಕೇಳ್ತಾರ. ಕೇಳಿದ್ರ ನಾ ಸುಳ್ಳು ಹೇಳಾಂಗಿಲ್ಲ. ಇವತ್ತ ನೀನ ಹೋಗಿ ಹೇಳು."

ಆ ಮಧ್ಯಾಹ್ನ ಹೋಗಿ ಹೇಳಿದೆ. ಪತ್ರದ ಮಾತು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ತಾನಾಗಿ ಬಂದು ಒಪ್ಪಿಕೊಂಡಳೆಂದು ನೌಕರಿ ಉಳಿಯಿತು. ಬಡ್ತಿ ನಿಂತಿತು, ಗೋಡೆಯ ಪ್ರಶಸ್ತಿ ಪತ್ರ ಇಳಿಯಿತು. ಹೊರಗೆ ಬರುವಾಗ ಕೂಡ ನನ್ನನ್ನು ಸುಟ್ಟದ್ದು ಹೊಟ್ಟೆಕಿಚ್ಚೇ. ನನ್ನ ಬಾಯಿಂದ ಬಂದ ಒಂದು ಖರೆ ಮಾತೂ ಆಕೆ ಕೊಟ್ಟದ್ದಾಯಿತಲ್ಲ ಎಂದು.

ಅಕ್ಕನಿಗೆ ಅಂಗಡಿಯ ಹೆಸರು ಹೇಳಿದ್ದಕ್ಕೆ ಎಚ್ಚರಿಕೆ ಪತ್ರ ಕೊಟ್ಟು ಮತ್ತೆ ಕೌಂಟರಿಗೆ ಕಳಿಸಿದರು. ಆ ಅಂಗಡಿಯ ಸಿಮ್ ಮಾರುವ ಪರವಾನಗಿ ಹೋಯಿತು, ಪೊಲೀಸ್ ಕೇಸೂ ಆಯಿತು. ಮೂರು ಸಿಮ್ಮುಗಳು ಐಹೊಳೆಯ ಹೆಣ್ಣುಮಗಳಿಗೆ ಗೊತ್ತಿಲ್ಲದೆ ಚಾಲೂ ಆದವೆಂದು ಕಂಪನಿ ಆ ದೂರದ ಠಾಣೆಗೆ ಬರೆಯಿತು, ಆಕೆಯ ಮೇಲಿನ ನೋಟಿಸು ರದ್ದಾಯಿತು. ಆ ಪತ್ರ ಹೋಗುವವರೆಗೆ ಅಕ್ಕ ಪ್ರತಿ ಸೋಮವಾರ ಮೇಲಿನ ಆಫೀಸಿಗೆ ಫೋನು ಮಾಡುತ್ತಿದ್ದಳು.

ನಾನೂ ದೂರು ಬರೆದುಕೊಳ್ಳತೊಡಗಿದೆ. ಮೊದಮೊದಲು ಹೆದರಿಕೆಯಿಂದ, ಆಮೇಲೆ ಆಕೆಗಿಂತ ಚೆನ್ನಾಗಿ ಮಾಡಿ ತೋರಿಸಬೇಕೆಂಬ ಹಟದಿಂದ. ದೂರಿನ ಲೆಕ್ಕ ಏರಿತೆಂದು ಮ್ಯಾನೇಜರ್ ಸಾಹೇಬರು ಗೊಣಗುತ್ತಿದ್ದರು. ಎರಡು ವರ್ಷದ ಮೇಲೆ ಅಕ್ಕನಿಗೆ ಪುಪ್ಪುಸದ ಬೇನೆ ಕಾಣಿಸಿಕೊಂಡು ನೌಕರಿ ಬಿಟ್ಟು ಇಳಕಲ್ಲಿಗೆ ಹೋದಳು.

ಆಕೆ ಹಾಸಿಗೆ ಹಿಡಿದಿದ್ದಾಳೆಂದು ಗೊತ್ತಾದ ಮೇಲೆ ಒಂದು ಭಾನುವಾರ ನೋಡಲು ಹೋದೆ. ಪಡಸಾಲೆಯಲ್ಲಿ ಗಂಡ ಮಗ್ಗ ನಿಲ್ಲಿಸಿ, ನನಗೆ ಚಹಾ ಮಾಡಿಕೊಟ್ಟು, ಹೊರಗೆ ಹೋದ. ಆಕೆ ಗೋಡೆಗೆ ಒರಗಿ ಕೂತಿದ್ದಳು. ತೀರ ಸಣ್ಣವಳಾಗಿದ್ದಳು.

"ಆ ಪತ್ರ ಬರದಾಕಿ ನಾನ್ರಿ, ಅಕ್ಕಾ."

"ಗೊತ್ತೈತಿ. ನಾ ಅಂಗಡಿ ಹೆಸರು ಹೇಳಿದಾಗ ಅಲ್ಲಿ ಇದ್ದವರು ಮೂರ ಮಂದಿ. ಐಹೊಳಿ ತಾಯಿಗೆ ಇಂಗ್ಲಿಷ್ ಬರಾಂಗಿಲ್ಲ." ನಗಲು ಹೋಗಿ ಕೆಮ್ಮು ಬಂತು. ನೀರು ಕುಡಿಸಿದೆ. ಸುಧಾರಿಸಿಕೊಂಡು ಕೇಳಿದಳು: "ನಿನಗ ಉತ್ತರ ಬಂತೇನು?"

"ಯಾವ ಉತ್ತರ?"

"ದೂರು ಕೊಟ್ಟಾಕಿಗೆ ಉತ್ತರ ಬರಬೇಕಲ್ಲ."

"ಹೆಸರಿಲ್ಲದ ಪತ್ರಕ್ಕ ಯಾರು ಉತ್ತರ ಕೊಡ್ತಾರ್ರಿ?"

"ಹಂಗಾರ ಈಗ ಕೇಳು. ಒಂದು ಮಾತು ಖರೆ ಇತ್ತು, ಅದಕ್ಕ ಶಿಕ್ಷಾ ಆತು. ಇನ್ನೊಂದು ಸುಳ್ಳು, ಅದು ಬಿದ್ದುಹೋತು. ಮೂರನೇದು ನೀ ಬರಿಲಿಲ್ಲ. ನನ್ನ ಮ್ಯಾಲ ನಿನಗ ಯಾಕ ಅಷ್ಟು ಸಿಟ್ಟು?"

ಚಹಾದ ಲೋಟ ಕೆಳಗಿಟ್ಟು ಹೇಳಿದೆ. "ಮಂದಿ ಎಲ್ಲಾ ನಿಮ್ಮ ಕಡೇನ ಬರ್ತಿದ್ರು."

ಆಕೆ ಅದನ್ನೂ ಒಂದು ದೂರಿನ ಹಾಗೆಯೇ ಪೂರ್ತಿ ಕೇಳಿ, ಯೋಚಿಸಿದಳು. "ನನಗ ಬ್ಯಾಗ ಮಾತಾಡಾಕ ಬರಾಂಗಿಲ್ಲ, ತಂಗಿ. ಅದಕ್ಕ ಸುಮ್ಮನ ಕೇಳ್ತಿದ್ದೆ. ನೀ ಪಟಪಟ ಹಿಂದಿ ಮಾತಾಡೂದು ನೋಡಿ ಖೋಲಿಗೆ ಹೋಗಿ ಕನ್ನಡಿ ಮುಂದ ನಿಂತು ಕಲಿತಿದ್ದೆ. ಬರಲಿಲ್ಲ ಬಿಡು."

ಒಂದು ತಿಂಗಳಾಗಿರಲಿಲ್ಲ, ಆಕೆ ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋದೆ. ಓಣಿಯ ತುದಿಯವರೆಗೂ ಜನ. ಐಹೊಳೆ, ಬಾದಾಮಿ, ಕಲಾದಗಿಯ ಕಡೆಯಿಂದ ಬಂದವರು, ನೇಕಾರರು, ಕೂಲಿಯವರು, ನಾನು ಎಂದೂ ನೋಡದವರು. ಅಷ್ಟು ಮಂದಿಯ ನಡುವೆ ನಿಂತು, ನನ್ನ ಮಣ್ಣಿಗೆ ಇಷ್ಟು ಜನ ಬರುವುದಿಲ್ಲ ಎಂದುಕೊಂಡೆ. ಅಳು ಬಂದದ್ದು ಆಮೇಲೆ.

ಪಕ್ಕದಲ್ಲಿದ್ದ ಒಬ್ಬ ಹೆಂಗಸು ನನ್ನ ಕಡೆ ನೋಡಿ ಕೇಳಿದಳು: "ನೀವು ಅಕ್ಕಾರಿಗೆ ಏನಾಗಬೇಕ್ರಿ?"

"ಒಂದ ಆಫೀಸಿನ್ಯಾಗ ಇದ್ವಿ. ಬಾಜೂ ಕುರ್ಚಿ."

"ದಿನಾ ಅವರ ಸಂಗಾಟ ಇದ್ರಿ ಅಂದಂಗಾತು," ಅಂದಳು ಆಕೆ. "ಭಾಳ ಪುಣ್ಯಾ ಮಾಡೀರಿ ನೀವು."

ಹೌದು ಅಂದೆ. ಆಕೆಯ ದನಿಯಲ್ಲಿ ನನ್ನ ಮೇಲೆ ಸಣ್ಣ ಹೊಟ್ಟೆಕಿಚ್ಚಿತ್ತು.