ಬೇಸ್ತವಾರದ ಪಾಳಿ

ನನ್ನ ಅಕ್ಕನ ಗಂಡ ಕೊಟ್ರಬಸಪ್ಪ ಭಾವ ಆ ರಾತ್ರಿ ಕಣದಲ್ಲಿ ನಿದ್ದೆ ಮಾಡಿರಲಿಲ್ಲ. ಮಾಡಿದ್ದರೆಂದು ಊರು ನಂಬಿದ್ದು ನನ್ನ ಮಾತಿನಿಂದ. ಆ ಮಾತು ತಪ್ಪೆಂದು ವಾರದೊಳಗೆ ನನಗೆ ತಿಳಿಯಿತು. ತಿಳಿದ ಮೇಲೂ ನಾಲ್ಕು ಸುಗ್ಗಿಗಳವರೆಗೆ ನಾನು ಬಾಯಿ ಬಿಡಲಿಲ್ಲ. ತಪ್ಪಿಗಿಂತ ಆ ಮೌನದ ಭಾರವೇ ಹೆಚ್ಚು — ಆದ್ದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು ಶಾಸನಗಳ ಕಾಲಗಣನೆಯಲ್ಲಿ ದುಡಿದವನು. ಕಲ್ಲಿನಲ್ಲಿ ಕೊರೆದ ಸಂವತ್ಸರ, ತಿಥಿ, ವಾರಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದು ನೋಡುವುದೇ ನನ್ನ ಕಸುಬಾಗಿತ್ತು. ನಿವೃತ್ತನಾಗಿ ಹಗರಿಬೊಮ್ಮನಹಳ್ಳಿಯಲ್ಲಿ ನೆಲೆಸಿದ ಮೇಲೆ ಬಸ್ ನಿಲ್ದಾಣದ ಬಳಿಯ ಇಂಟರ್‌ನೆಟ್ ಅಂಗಡಿಯಲ್ಲಿ ನನಗೊಂದು ಹೊಸ ಸಂತೋಷ ಸಿಕ್ಕಿತು. ಊರಿನ ಅಕ್ಷಾಂಶ, ರೇಖಾಂಶಗಳನ್ನು ಕೊಟ್ಟರೆ ಯಾವ ಉಪಗ್ರಹ ಯಾವ ದಿನ, ಎಷ್ಟು ಹೊತ್ತಿಗೆ ನಮ್ಮ ತಲೆಯ ಮೇಲೆ ಹಾಯುತ್ತದೆ, ಕಳೆದ ದಿನಗಳಲ್ಲಿ ಯಾವಾಗ ಹಾಯ್ದಿತ್ತು ಎಂಬುದನ್ನು ಸಾಲುಸಾಲಾಗಿ ತೋರಿಸುವ ತಾಣವದು. ಅದರಲ್ಲಿ ಗುಟ್ಟೇನೂ ಇಲ್ಲ; ಯಾರು ಬೇಕಾದರೂ ನೋಡಬಹುದು. ಹರಪನಹಳ್ಳಿಯ ಕಡೆ ಆಕಾಶದಲ್ಲಿ ಬೆಂಕಿಯ ಚೆಂಡು ಕಂಡಿತೆಂದು ಜನ ಗಾಬರಿಯಾದಾಗ, ಅದು ಬಾಹ್ಯಾಕಾಶ ನಿಲ್ದಾಣವೆಂದು ಗಳಿಗೆಸಮೇತ ತೋರಿಸಿಕೊಟ್ಟವನು ನಾನು. ಸಂಜೆ ನೆರೆಯವರನ್ನು ಮಾಳಿಗೆಗೆ ಕರೆದು, ಹೇಳಿದ ದಿಕ್ಕಿನಲ್ಲಿ ಹೇಳಿದ ಹೊತ್ತಿಗೆ ಬೆಳಕು ಏಳುವುದನ್ನು ತೋರಿಸುವಾಗಿನ ತೃಪ್ತಿ — ಇಂದಿಗೂ ಅದನ್ನು ನೆನೆದರೆ ಮನಸ್ಸು ಹಗುರಾಗುತ್ತದೆ. ಜನ ನನ್ನನ್ನು ‘ಉಪಗ್ರಹದ ಸಾಹೇಬ್ರು’ ಎಂದು ಕರೆಯತೊಡಗಿದ್ದರು. ಆ ಹೆಸರು ನನಗೆ ಇಷ್ಟವಾಗಿತ್ತು.

ಭಾವನ ಊರು ಕೊಟ್ಟೂರಿನ ಹತ್ತಿರ. ಅಲ್ಲಿ ನಾಲ್ಕು ಮನೆಯ ದಾಯಾದಿಗಳಿಗೆ ಒಂದೇ ಕಣ. ಜೋಳದ ರಾಶಿ ಬಿದ್ದ ದಿನಗಳಲ್ಲಿ ಮನೆಗೊಬ್ಬರಂತೆ ಪಾಳಿಯ ಮೇಲೆ ಕಾಯಬೇಕು. ಮೂಡಲು ಬೆಳ್ಳಗಾದಾಗ ಕಾಯ್ದವನು ಮನೆಗೆ ಹೋಗಬೇಕು, ರಾಶಿಯ ಒಡೆಯ ಬರಬೇಕು. ಆ ವರ್ಷ ಭಾವನ ಪಾಳಿಯ ಮರುಬೆಳಗ್ಗೆ, ದಾಯಾದಿ ವಿರೂಪಣ್ಣನ ರಾಶಿ ಒಂದು ಮಗ್ಗುಲಲ್ಲಿ ಕುಸಿದಿತ್ತು. ಯಾರೋ ಜೋಳ ತುಂಬಿಕೊಂಡು ಹೋಗಿದ್ದರು. ಭಾವ ಬೆಳಗಿನವರೆಗೆ ಎಚ್ಚರವಿದ್ದರೆ, ಕಳವಾದದ್ದು ಅವರು ಎದ್ದು ಹೋದ ಮೇಲೆ, ವಿರೂಪಣ್ಣ ಬರುವುದರೊಳಗೆ. ಮಲಗಿದ್ದರೆ, ಹೊಣೆ ಭಾವನದು. ಎರಡು ದಿನ ಬಿಟ್ಟು ನಾನು ಹೋದಾಗ ಕಣದಲ್ಲಿ ಇದೇ ವಾದ ನಡೆದಿತ್ತು.

“ನಾನು ಕಣ್ಣು ಮುಚ್ಚಿಲ್ರೋ,” ಎಂದರು ಭಾವ. “ಬೆಳಗಿನ ಜಾವ ನಡು ಮುಗಿಲಾಗ ಒಂದು ಚುಕ್ಕಿ ಪಕ್ಕನ ಹತ್ತಿಕೊಂತು. ಸಪ್ಪಳಿಲ್ಲ, ಏನಿಲ್ಲ. ಸುಮ್ಮನ ಮೂಡಲ ಕಡಿಗೆ ಹೋತು. ಆವಾಗ ರಾಶಿ ಇದ್ದಂಗ ಇತ್ತು.”

ವಿರೂಪಣ್ಣ ಬಿಡಲಿಲ್ಲ. “ನಡು ಮುಗಿಲಾಗ ದೀಪ ಹಚ್ಚಿದೋರು ಯಾರಣ್ಣ? ನಿನ್ನ ಗೊರಕಿ ಸಪ್ಪಳಕ್ಕ ಹತ್ತಿಕೊಂತೇನು?”

ಎಲ್ಲರೂ ನಕ್ಕರು. ಭಾವ ನನ್ನತ್ತ ಕೈ ತೋರಿಸಿದರು. “ನನ್ನ ಹೆಂಡ್ತಿ ತಮ್ಮ ಇಲ್ಲೇ ಅದಾನ. ಅವನು ನೋಡಿ ಹೇಳಲಿ. ಅವನು ಇಲ್ಲ ಅಂದ್ರ ನಾನು ಮಲಗಿದ್ದೆ ಅಂತ ತಿಳ್ಕೊಳ್ರಿ.”

“ಯಾವತ್ತು, ಭಾವ?” ಎಂದೆ.

“ಬೇಸ್ತವಾರ. ಬೇಸ್ತವಾರದ ಪಾಳಿ ನಂದು.”

ಮರುದಿನ ಅಂಗಡಿಯಲ್ಲಿ ಕುಳಿತು ಗುರುವಾರವನ್ನು ನೋಡಿದೆ. ಬೆಳಗಿನ ಜಾವ ಏನೂ ಇಲ್ಲ. ಒಂದಕ್ಕೆರಡು ಸಲ ನೋಡಿದೆ. ಇನ್ನೊಂದು ತಾಣದಲ್ಲಿಯೂ ತಾಳೆ ಹಾಕಿದೆ. ಶುಕ್ರವಾರದ ಸಾಲು ಅದರ ಕೆಳಗೇ ಇತ್ತು — ನನ್ನ ಕಣ್ಣು ಅದರ ಮೇಲೆ ನಿಲ್ಲಲಿಲ್ಲ. ಕೇಳಿದ್ದು ಗುರುವಾರವಲ್ಲವೇ. ಕಣಕ್ಕೆ ಹೋಗಿ, ಎಲ್ಲರ ಮುಂದೆ, ತೀರ್ಪು ಓದುವವನ ದನಿಯಲ್ಲಿ ಹೇಳಿದೆ: “ಬೇಸ್ತವಾರ ಬೆಳಗಿನ ಜಾವ ಈ ಮುಗಿಲಿನಲ್ಲಿ ಅಂಥದು ಯಾವುದೂ ಹಾಯ್ದಿಲ್ಲ.”

ಭಾವ ನನ್ನ ಮುಖ ನೋಡಿ “ಹಂಗಾ?” ಎಂದರು. ಅಷ್ಟೇ.

ಅವರ ಮನೆಯನ್ನೇ ಪಾಳಿಯಿಂದ ತೆಗೆದರು. ಅಂದಿನಿಂದ ಅವರ ರಾಶಿಯನ್ನು ಉಳಿದ ಮೂರು ಮನೆಯವರೇ ಕಾಯ್ದರು — ಮನೆಯಲ್ಲಿ ಮಗನಿದ್ದರೂ, ಗಂಡಾಳಿಲ್ಲದ ಮನೆಯ ರಾಶಿ ಕಾಯ್ದಂತೆ. ಎಪ್ಪತ್ತರ ಅಂಚಿನಲ್ಲಿದ್ದ ಆ ಮನುಷ್ಯನಿಗೆ ಊರಲ್ಲಿದ್ದ ಆಸ್ತಿಯೆಂದರೆ ಆಡಿದ ಮಾತು, ಅದು ಹೋಯಿತು.

ಅದೇ ವಾರ ಅಕ್ಕ ನನಗೆ ರೊಟ್ಟಿ ಬಡಿಸುತ್ತ ಹೇಳಿದಳು: “ಬೇಸ್ತವಾರ ಸಂಜಿಗೆ ಬುತ್ತಿ ಕಟ್ಟಿ ಕಳಿಸಿದ್ದೆ ತಮ್ಮಾ. ಶುಕ್ರವಾರ ಹೊತ್ತು ಮೂಡೋ ಹೊತ್ತಿಗೆ ಕಣ್ಣು ಕೆಂಪಗ ಮಾಡ್ಕೊಂಡು ಬಂದ್ರು. ಮಲಗಿದೋರ ಕಣ್ಣು ಹಂಗ ಇರ್ತಾವೇನು?”

ಆಗ ನನಗೆ ಹೊಳೆಯಿತು. ಗುರುವಾರದ ಪಾಳಿ ಶುಕ್ರವಾರದ ಸೂರ್ಯೋದಯದವರೆಗೆ ಗುರುವಾರದ್ದೇ. ಕಣದಲ್ಲಿ ಹಾಗೆ, ಕಲ್ಲಿನಲ್ಲಿಯೂ ಹಾಗೆಯೇ. ಶಾಸನದ ವಾರವನ್ನು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಎಣಿಸಬೇಕು, ನಡುರಾತ್ರಿಯಿಂದಲ್ಲ — ಇದನ್ನು ಮರೆತ ಕಿರಿಯ ವಿದ್ವಾಂಸರನ್ನು ನಾನು ಲೇಖನಗಳಲ್ಲಿ ಕಟುವಾಗಿ ತಿದ್ದಿದ್ದೆ. ಆದರೆ ಕಂಪ್ಯೂಟರಿನ ಮುಂದೆ ಕುಳಿತಾಗ, ನಡುರಾತ್ರಿಗೇ ದಿನ ಬದಲಿಸುವ ಅದರ ಲೆಕ್ಕವನ್ನೇ ಹಿಡಿದಿದ್ದೆ.

ಮತ್ತೆ ಹೋಗಿ ನೋಡಿದೆ. ಶುಕ್ರವಾರ, ಬೆಳಕು ಹರಿಯುವ ಮುನ್ನ, ಬಾಹ್ಯಾಕಾಶ ನಿಲ್ದಾಣ ಹೆಚ್ಚುಕಡಿಮೆ ನೆತ್ತಿಯ ಮೇಲೆ ಭೂಮಿಯ ನೆರಳಿನಿಂದ ಹೊರಬಂದು ಈಶಾನ್ಯಕ್ಕೆ ಇಳಿದಿತ್ತು. ನೆರಳಿನಿಂದ ಹೊರಬರುವ ವಸ್ತು ನಡು ಆಕಾಶದಲ್ಲೇ ಹೊತ್ತಿಕೊಂಡಂತೆ ಕಾಣುತ್ತದೆ. ಭಾವ ಹೇಳಿದ್ದು ಅಕ್ಷರಶಃ ಅದೇ.

ತಾಣ ಸುಳ್ಳಾಡಿರಲಿಲ್ಲ, ಭಾವ ಸುಳ್ಳಾಡಿರಲಿಲ್ಲ. ಅಂಗಡಿಯಿಂದ ನೇರ ಕೊಟ್ಟೂರಿನ ಬಸ್ಸು ಹತ್ತಬಹುದಿತ್ತು. ಮನೆಗೆ ಬಂದೆ. ನಾಳೆ ಹೇಳೋಣ, ಜನ ಮರೆಯಲಿ, ಕಳ್ಳ ಸಿಗಲಿ — ಹೀಗೆ. ಇವು ಯಾವುವೂ ಕಾರಣಗಳಲ್ಲ. ‘ಸಾಹೇಬ್ರು ತಪ್ಪಿದರು’ ಎಂಬ ಮಾತನ್ನು ನಾನು ಕೇಳಲಾರದವನಾಗಿದ್ದೆ. ಅದಕ್ಕೆ ಬದಲಾಗಿ ‘ಕೊಟ್ರಬಸಪ್ಪ ಮಲಗಿದ್ದ’ ಎಂಬುದನ್ನು ಕೇಳುತ್ತ ಸುಮ್ಮನಿದ್ದೆ. ಭಾವ ಮಾತ್ರ ಪ್ರತಿ ವರ್ಷ ಎಳೆ ಜೋಳದ ತೆನೆ ಸುಟ್ಟು ತಿಕ್ಕಿದ ಸೀತನಿಯನ್ನು ನನಗೆ ಕಳಿಸುತ್ತಲೇ ಇದ್ದರು. ನಾನು ರುಚಿಯಾಗಿ ತಿಂದೆ.

ಈ ಸುಗ್ಗಿಯಲ್ಲಿ ಹೋಗಿ ಹೇಳಿದೆ. ಭಾವ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

“ನನಗ್ಯಾಕ ಹೇಳ್ತಿ? ಚುಕ್ಕಿ ನೋಡಿದೋನು ನಾನ. ಇಲ್ಲ ಅಂತ ಕಣದಾಗ ನಿಂತು ಅಂದಿ. ಇತ್ತು ಅನ್ನೂದನ್ನೂ ಅಲ್ಲೇ ಅನ್ನು, ನಡಿ.”

ಅಂದೇ ಸಂಜೆ ಕಣದಲ್ಲಿ ನಿಂತು ಎಲ್ಲವನ್ನೂ ಹೇಳಿದೆ: ದಿನ ತಪ್ಪಾಗಿ ನೋಡಿದ್ದು, ಗೊತ್ತಾದದ್ದು, ಮುಚ್ಚಿಟ್ಟದ್ದು. ವಿರೂಪಣ್ಣ ತಲೆ ಕೆರೆದುಕೊಂಡ. “ಹಂಗಾದ್ರ ಅವತ್ತು ತಡ ಮಾಡಿ ಬಂದ ನಂದ ತಪ್ಪು ಅನ್ನು. ಅಣ್ಣಾ, ನಾಳಿಂದ ಪಾಳಿಗೆ ಬಾ.”

“ಈಗೆಲ್ಲಿ ಪಾಳಿಯೋ! ಮಣಕಾಲು ಥಂಡಿ ತಡಿಯಂಗಿಲ್ಲ. ಮಗನ್ನ ಹಾಕ್ಕೊಳ್ರಿ,” ಎಂದು ಭಾವ ನಕ್ಕರು. ನಿಜವಾಗಿ ನಕ್ಕರು, ಮುಖ ತುಂಬ ನೆಮ್ಮದಿಯಿತ್ತು. ಮನೆಗೆ ಮರಳುವಾಗ ನನ್ನ ಹೆಗಲ ಮೇಲೆ ಕೈಯೂರಿ ನಡೆದರು.

ಮಣಕಾಲು ಗಟ್ಟಿಯಿದ್ದ ಸುಗ್ಗಿಗಳನ್ನು ಅವರು ಮನೆಯಲ್ಲಿ ಮಲಗಿ ಕಳೆದರು. ಮಲಗಿಸಿದವನು ನಾನು.